ಕೊಬ್ಬರಿ ಗೋದಾಮಿನ ದೀಪಗಂಬ

ಅರಸೀಕೆರೆಗೆ ಕೇಬಲ್ ಟೀವಿ ಬಂದಿದ್ದ, ಮೊಬೈಲು ಇನ್ನೂ ಬಾರದಿದ್ದ ಕಾಲ ಅದು. ಬೇಸಿಗೆ ರಜೆಯೆಂದರೆ ಮಕ್ಕಳು ಬೀದಿಯಲ್ಲಿರಬೇಕು, ದೊಡ್ಡವರು ನಿದ್ದೆ ಮಾಡಬೇಕು ಎಂಬುದು ಆಗಿನ ಕಾನೂನು. ನನಗೆ ಮಾತ್ರ ಆ ಬೀದಿ ಹೊಸದು. ಅಪ್ಪ ಬೇಲೂರಿನ ಕಚೇರಿಯೊಂದರಲ್ಲಿ ಗುಮಾಸ್ತರು, ಭಾನುವಾರಕ್ಕೊಮ್ಮೆ ಬರುತ್ತಿದ್ದರು. ಅಮ್ಮ ಕಣಕಟ್ಟೆಯ ಹೈಸ್ಕೂಲಿನಲ್ಲಿ ಮೇಡಂ. ಆ ವರ್ಷ ಉತ್ತರಪತ್ರಿಕೆ ತಿದ್ದಲು ಅವಳನ್ನು ಹಾಸನಕ್ಕೆ ಹಾಕಿದ್ದರು. ಬೆಳಗಿನ ರೈಲಿಗೆ ಹೋದರೆ ಸಂಜೆಯ ರೈಲಿಗೆ ಬರುವಳು. ಅಲ್ಲಿಯವರೆಗೆ ನಾನು ಪಕ್ಕದ ಮನೆಯ ಪಾರ್ವತಕ್ಕನ ಪಾಲು.

ಪಾರ್ವತಕ್ಕ ಒಳ್ಳೆಯವರು. ತಲೆ ಬಾಚಿ, ಹೊಟ್ಟೆ ತುಂಬಿಸಿ, ಕೈಗೊಂದು ಚೂರು ಕೊಬ್ಬರಿ ಬೆಲ್ಲ ಇಟ್ಟು, "ಹೋಗವ್ವ, ಆಡ್ಕೋ ಹೋಗು" ಎನ್ನುತ್ತಿದ್ದರು. ಯಾರ ಜೊತೆ ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಬೀದಿಯಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದ ಹುಡುಗಿಯರು ನನ್ನನ್ನು ಕಂಡೊಡನೆ ಆಟ ನಿಲ್ಲಿಸಿ, ನಾನು ದಾಟಿ ಹೋಗುವವರೆಗೆ ಕಾಯುತ್ತಿದ್ದರು. ನಾನು ದಾಟಿ ಹೋಗುತ್ತಿದ್ದೆ.

ಹೋಗುತ್ತಿದ್ದುದು ಹಿತ್ತಲಿನ ಗೋದಾಮಿಗೆ. ಪಾರ್ವತಕ್ಕನ ಗಂಡ ಷಡಕ್ಷರಿಯವರದು ಕೊಬ್ಬರಿ ವ್ಯಾಪಾರದ ಮನೆತನ. ವ್ಯಾಪಾರವನ್ನು ಅಣ್ಣಂದಿರಿಗೆ ಬಿಟ್ಟು, ಇವರು ಹೊಸದರ ಹುಚ್ಚು ಹಚ್ಚಿಕೊಂಡಿದ್ದರು. ಬೆಂಗಳೂರಿನಲ್ಲಿ ಮುಚ್ಚಿಹೋದ ಯಾವುದೋ ಕ್ಲಬ್ಬಿನಿಂದ ಎರಡು ಪಿನ್‌ಬಾಲ್ ಮೆಷಿನ್ನು ತಂದು, ಗೋದಾಮಿನ ಮೂಟೆಗಳನ್ನು ಒಂದು ಕಡೆ ಒತ್ತರಿಸಿ ನಿಲ್ಲಿಸಿದ್ದರು. ನಾಲ್ಕು ಕಾಲಿನ ಉದ್ದನೆಯ ಪೆಟ್ಟಿಗೆ, ಮೇಲೆ ಗಾಜು, ಒಳಗೆ ಇಳಿಜಾರಿನಲ್ಲಿ ಉರುಳುವ ಉಕ್ಕಿನ ಗುಂಡು. ಅದು ಕೆಳಗೆ ಬಂದು ಗುಳುಂ ಆಗದಂತೆ ಎರಡೂ ಪಕ್ಕದ ಬಟನ್ ಒತ್ತಿ, ಎರಡು ರೆಕ್ಕೆಗಳಿಂದ ಮೇಲಕ್ಕೆ ಹೊಡೆಯಬೇಕು. ಪೆಟ್ಟಿಗೆಯ ಆ ತುದಿಗೆ ಹಣೆಯಂತೆ ನಿಂತ ಗಾಜಿನ ಚಿತ್ರದ ಹಿಂದೆ ದೀಪ ಉರಿಯುತ್ತಿತ್ತು. ಕಮಟು ಕೊಬ್ಬರಿ, ಗೋಣಿತಾಟು, ಬಿಸಿಯಾದ ವೈರು, ಮೂರೂ ಸೇರಿದ ವಾಸನೆ. ಈಗಲೂ ಎಣ್ಣೆ ಗಾಣದ ಮುಂದೆ ಹೋದರೆ ನನಗೆ ಎರಡೂ ಕೈಯ ಬೆರಳು ತಾವಾಗಿಯೇ ಮಿಸುಕುತ್ತವೆ.

ಮೊದಲನೆಯ ಮೆಷಿನ್ನು ಸಿನಿಮಾದ್ದು. ಕಬ್ಬಿಣದ ಅಂಗಿ ತೊಟ್ಟ ವಿದೇಶಿ ಹೀರೋ ಹಣೆಗಾಜಿನ ತುಂಬ ಮುಖ ಮಾಡಿಕೊಂಡಿದ್ದ. ಅವನ ಸಿನಿಮಾ ಕೇಬಲ್ಲಿನಲ್ಲಿ ಬಂದುಹೋಗಿತ್ತು. ಊರ ಹುಡುಗರೆಲ್ಲ ಅವನ ಹಿಂದೆ. ಗುಂಡು ಹೊಡೆದಾಗಲೆಲ್ಲ ಸಿನಿಮಾದ್ದೇ ದನಿಯಲ್ಲಿ ಏನೋ ಅಬ್ಬರಿಸುತ್ತಿದ್ದ. ಆದರೆ ಪೆಟ್ಟಿಗೆಯೊಳಗೆ ಇಣುಕಿದರೆ ಇದ್ದುದು ಒಂದು ಇಳಿಜಾರು ದಾರಿ, ಗುಂಡನ್ನು ಪುಟಿಸುವ ಎರಡು ರಬ್ಬರು ಗುಬಟು, ಉಳಿದ ಜಾಗದಲ್ಲೆಲ್ಲ ಮತ್ತೆ ಅವನದೇ ಚಿತ್ರ. ಆಡಿದ್ದನ್ನೇ ಆಡಬೇಕು. ನನಗಂತೂ ಎರಡನೇ ದಿನಕ್ಕೇ ಬೇಜಾರಾಯಿತು.

ಎರಡನೆಯದಕ್ಕೆ ಸಿನಿಮಾ ಇರಲಿಲ್ಲ, ಹೀರೋ ಇರಲಿಲ್ಲ. ಹೆಸರು ಬರೆದಿದ್ದ ಕಡೆ ಬಣ್ಣ ಎದ್ದುಹೋಗಿತ್ತು. ಕತ್ತಲ ನೀರು, ನೀರಿನ ದಡದಲ್ಲೊಂದು ಎತ್ತರದ ಕಂಬ, ತುದಿಯಲ್ಲಿ ದೀಪ. ದೇವಸ್ಥಾನದ ಮುಂದಿನ ದೀಪಗಂಬವನ್ನು ನೀರಿನ ದಡದಲ್ಲಿ ಯಾಕೆ ನೆಟ್ಟರು ಎಂದು ಮೊದಮೊದಲು ನನಗೆ ಗೊಂದಲ. ಸಮುದ್ರ ನೋಡದವಳಿಗೆ ಹಡಗುಗಳಿಗೆ ದಾರಿ ತೋರುವ ದೀಪ ಎಂದರೆ ಹೇಗೆ ಗೊತ್ತಾಗಬೇಕು? ಆದರೆ ಆಟ ತಾನಾಗಿಯೇ ಎಲ್ಲ ಹೇಳಿಕೊಟ್ಟಿತು. ಗುಂಡು ಸುರುಳಿ ದಾರಿಯಲ್ಲಿ ಕಂಬ ಹತ್ತಿದರೆ ತುದಿಯ ದೀಪ ಹೊತ್ತುತ್ತಿತ್ತು. ಆಮೇಲೆ ಎಡಕ್ಕೆ, ಬಲಕ್ಕೆ, ಬಂಡೆಗಳ ಸಂದಿಗೆ ಗುರಿಯಿಟ್ಟು ಹೊಡೆದರೆ ದೂರದ ದೋಣಿಗಳು ಒಂದೊಂದಾಗಿ ದೀಪ ಹಚ್ಚಿಕೊಂಡು ದಡಕ್ಕೆ ಬರುತ್ತಿದ್ದವು. ದಡದ ಮನೆಯ ಬಾಗಿಲಲ್ಲಿ ಒಂದು ಪುಟ್ಟ ಹೆಂಗಸು ನಿಂತಿದ್ದಳು. ಎಲ್ಲ ದೋಣಿಯೂ ಬಂದರೆ ಅವಳ ತಲೆಯ ಮೇಲಿನ ಗಂಟೆ ಮೊಳಗಬೇಕು.

ಆ ಗಂಟೆ ಮೊಳಗಲೇ ಇಲ್ಲ. ಕೊನೆಯ ದೋಣಿಗೆ ಎಷ್ಟು ಸರಿಯಾಗಿ ಹೊಡೆದರೂ ದೀಪ ಹೊತ್ತುತ್ತಿರಲಿಲ್ಲ.

ಮಧ್ಯಾಹ್ನ ಹುಡುಗರು ಊಟಕ್ಕೆ ಹೋದಾಗ ಷಡಕ್ಷರಿಯವರು ನನಗೆ ಅದನ್ನು ಕಾಸಿಲ್ಲದೆ ಆಡಲು ಬಿಡುತ್ತಿದ್ದರು. "ಯಾರೂ ಮುಟ್ಟಲ್ಲ ಅದ. ನೀನಾದ್ರೂ ಆಡವ್ವ, ತುಕ್ಕು ಹಿಡೀದಂಗಿರ್ಲಿ" ಎನ್ನುತ್ತಿದ್ದರು. ನಾನು ಒಂದು ನಂಬಿಕೆ ಕಟ್ಟಿಕೊಂಡಿದ್ದೆ. ಆ ಕೊನೆಯ ದೋಣಿ ಬಂದ ದಿನ ಅಮ್ಮನ ಹಾಸನದ ಕೆಲಸ ಮುಗಿಯುತ್ತದೆ. ಯಾರಿಗೂ ಹೇಳಿರಲಿಲ್ಲ. ಹೇಳಲು ಯಾರೂ ಇರಲಿಲ್ಲ ಎನ್ನುವುದೇ ಸರಿ.

"ಮಾಮ, ಈ ದೋಣಿ ಕೆಟ್ಟೋಗಿದೆ" ಎಂದೆ ಒಂದು ದಿನ.

"ಮೆಕ್ಯಾನಿಕ್ಕು ಬತ್ತಾನೆ ಕಣವ್ವ ಬೆಂಗ್ಳೂರಿಂದ. ರಿಪೇರಿ ಮಾಡ್ಸಾನ."

ಅವರಿಗೂ ಅದು ಖಾಲಿ ನಿಂತಿರುವುದು ಬೇಸರವೇ. ಒಂದು ಬೆಳಿಗ್ಗೆ ನಮ್ಮ ಕಡೆಯ ಸಿನಿಮಾ ಹೀರೋನ ದೊಡ್ಡ ಪೋಸ್ಟರನ್ನು ಮೈದಾ ಅಂಟು ಹಚ್ಚಿ ಹಣೆಗಾಜಿಗೆ ಮೆತ್ತಿಯೇಬಿಟ್ಟರು. ಹಿಂದಿನ ದೀಪ ಮುಚ್ಚಿಹೋಯಿತು, ಗಾಜಿನಲ್ಲಿ ಮೂಡುತ್ತಿದ್ದ ಪಾಯಿಂಟು ಕಾಣದಾಯಿತು. ಹುಡುಗರು ಮಾತ್ರ ಮುಗಿಬಿದ್ದರು. ಎರಡು ಗುಂಡು ಹೊಡೆದು ಒಬ್ಬ ರೇಗಿದ: "ಏನ್ಲಾ ಇದು! ಹೀರೋ ಮೇಲವ್ನೆ, ಕೆಳಗೆ ಬರೀ ದೋಣಿ ಐತೆ? ಫೈಟು ಎಲ್ಲೈತೆ?" ಸಂಜೆಯೊಳಗೆ ಎಲ್ಲರೂ ಹಳೆಯ ಹೀರೋ ಕಡೆಗೆ ವಾಪಸು. ಮರುದಿನ ನಾನು ಒದ್ದೆ ಬಟ್ಟೆ ತಂದು ಪೋಸ್ಟರು ಕೆರೆಯುತ್ತ ಕೂತೆ. ದೀಪಗಂಬ ಚೂರುಚೂರಾಗಿ ಹೊರಬಂತು. ಆ ಬೇಸಿಗೆಯಲ್ಲಿ ನಾನು ನಿಜವಾಗಿ ಖುಷಿಪಟ್ಟದ್ದು ಆವತ್ತು.

ಮೆಕ್ಯಾನಿಕ್ಕು ಬಂದೇ ಬಂದ. ನಾನು ಪಾರ್ವತಕ್ಕನ ಕೈಯಿಂದ ನೀರುಮಜ್ಜಿಗೆ ಇಸಿದುಕೊಂಡು ಓಡಿದೆ. ಅವನು ನನ್ನ ಮೆಷಿನ್ನಿನ ಗಾಜು ತೆಗೆದು, ಹಲಗೆಯನ್ನು ಎತ್ತಿ ನಿಲ್ಲಿಸಿ, ಕೆಳಗೆ ಕೈ ಹಾಕಿದ.

"ಕೊನೇ ದೋಣಿ ಹೊತ್ತಲ್ಲ" ಎಂದೆ.

ಅವನು ಹುಡುಕಿ, ಸಡಿಲಾಗಿ ಜೋತಿದ್ದ ಒಂದು ವೈರನ್ನು ಬೆರಳಿನಲ್ಲಿ ಒತ್ತಿ ಹಿಡಿದ. ದೋಣಿಯಲ್ಲಿ ದೀಪ ಹೊತ್ತಿತು! ಹಳದಿ, ಬೇರೆಲ್ಲ ದೋಣಿಗಳಿಗಿಂತ ಹೊಸ ಬೆಳಕು. "ಏನೂ ಆಗಿಲ್ಲ ಪುಟ್ಟಾ. ವೈರು ಬಿಟ್ಟಿದೆ, ಅಷ್ಟೇ" ಎಂದು ನಕ್ಕ. ಕೈ ತೆಗೆದ. ದೀಪ ಆರಿತು.

ಆಮೇಲೆ ಅವನು ಸ್ಕ್ರೂಡ್ರೈವರ್ ತೆಗೆದುಕೊಂಡು ಎರಡೂ ರೆಕ್ಕೆಗಳನ್ನು, ಅವುಗಳನ್ನು ಆಡಿಸುವ ಕೆಳಗಿನ ಕಾಯಿಲ್‌ಗಳನ್ನು ಬಿಚ್ಚತೊಡಗಿದ. ಹೀರೋ ಮೆಷಿನ್ನಿನವು ಸುಟ್ಟುಹೋಗಿದ್ದವಂತೆ. ಎರಡೂ ಒಂದೇ ಕಂಪನಿಯ ಮೆಷಿನ್ನು, ಇದರದ್ದು ಅದಕ್ಕೆ ಕೂರುತ್ತದಂತೆ. ರೆಕ್ಕೆಯಿಲ್ಲದೆ ನನ್ನ ಮೆಷಿನ್ನು ಇನ್ನು ಆಡುವುದಿಲ್ಲವೆಂದು ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ಮಾಮ, ಬೇಡ ಮಾಮ. ಅದು ಚೆನ್ನಾಗಿದೆ. ಅದರಲ್ಲಿ ಆಟ ಜಾಸ್ತಿ ಇದೆ."

ಷಡಕ್ಷರಿಯವರು ನನ್ನ ತಲೆ ಸವರಿದರು. "ನಂಗೂ ಗೊತ್ತು ಕಣವ್ವ. ಆದ್ರೆ ಜನ ಆ ಮುಖ ನೋಡಕ್ಕೆ ಬತ್ತಾರೆ. ನಿನ್ನ ದೀಪದ ಕಂಬ ನೋಡಕ್ಕೆ ಯಾರು ಬತ್ತಾರೆ, ಹೇಳು?"

ನಾನು ಬರುತ್ತಿದ್ದೆ. ಅದು ಲೆಕ್ಕಕ್ಕೆ ಬರುವ ಉತ್ತರವಲ್ಲವೆಂದು ನನಗೂ ತಿಳಿದಿತ್ತು. ಆವತ್ತು ಸಂಜೆ ರೈಲು ತಡ. ನಾನು ಗೋದಾಮಿನ ಬಾಗಿಲಲ್ಲಿ ನಿಂತಿದ್ದೆ. ಒಳಗೆ ಹೀರೋ ಅಬ್ಬರಿಸುತ್ತಿದ್ದ. ಅಮ್ಮ ಬಂದವಳು, "ಯಾಕೇ ಮುಖ ಸಪ್ಪಗಿದೆ?" ಎಂದಳು. "ಏನಿಲ್ಲ" ಎಂದೆ. ಅವಳ ಬೆರಳುಗಳ ಮೇಲೆ ಕೆಂಪು ಶಾಯಿಯಿತ್ತು. ಅವಳಿಗೂ ಸಾಕಾಗಿತ್ತು.

ಹೋದ ವರ್ಷ ಮೈಸೂರಿನ ಆಟದ ಅಂಗಡಿಯೊಂದರಲ್ಲಿ ಅದೇ ಕಬ್ಬಿಣದ ಅಂಗಿಯ ಹೀರೋ ಎದುರಾದ. ಹೊಸದಾಗಿ ಬಣ್ಣ ಬಳಿಸಿಕೊಂಡು ಥಳಥಳ ಹೊಳೆಯುತ್ತಿದ್ದ. ಇಂಥ ಹಳೆಯ ಮೆಷಿನ್ನುಗಳನ್ನೇ ಹುಡುಕಿ ದುರಸ್ತಿ ಮಾಡುವ ಹುಚ್ಚಿನ ಒಬ್ಬರು ಅಲ್ಲಿದ್ದರು. ಸಿನಿಮಾದವರಿಂದ, ಕಾಮಿಕ್ಸಿನವರಿಂದ ಹಕ್ಕು ಕೊಂಡು ಮೆಷಿನ್ನು ಮಾಡುತ್ತಿದ್ದ ಬಗೆಯನ್ನು ವಿವರಿಸಿದರು. "ಸಿನಿಮಾ ರಿಲೀಸ್ ಆಗೋ ಹೊತ್ತಿಗೆ ಮೆಷಿನ್ನೂ ರೆಡಿ ಇರಬೇಕು ಮೇಡಂ. ಮುಖಕ್ಕೇ ದುಡ್ಡೂ ಹೋಗುತ್ತೆ, ಟೈಮೂ ಹೋಗುತ್ತೆ. ಎಷ್ಟೋ ಸಲ ಆಟಕ್ಕೆ ಏನೂ ಉಳಿಯಲ್ಲ. ಎಲ್ಲಾ ಹಾಗಲ್ಲ ಅನ್ನಿ. ಕಥೆಗೆ ತಕ್ಕ ಹಾಗೆ ಆಟ ಕಟ್ಟಿದವೂ ಇವೆ, ಬಹಳ ಚೆನ್ನಾಗಿವೆ. ಸಿನಿಮಾ ಇಲ್ಲದ್ದನ್ನ ನಿಧಾನವಾಗಿ ಮನಸ್ಸಿಟ್ಟು ಮಾಡೋರು. ಮಾರಾಟ ಆಗ್ತಿರಲಿಲ್ಲ, ಅಷ್ಟೇ."

ನನ್ನ ಮೆಷಿನ್ನನ್ನು ವರ್ಣಿಸಿದೆ. ಕಂಬ, ದೋಣಿ, ಬಾಗಿಲಲ್ಲಿ ನಿಂತ ಹೆಂಗಸು. ಅವರು ಫೋನ್ ತೆಗೆದು, "ಹೆಸರೇನು ಹೇಳಿ, ಹುಡುಕೋಣ" ಎಂದರು. "ಹೆಸರಿದ್ದ ಕಡೆ ಬಣ್ಣ ಎದ್ದುಹೋಗಿತ್ತು" ಎಂದೆ.

ಆಮೇಲೆ ಅಮ್ಮನನ್ನು ಕೇಳಿದೆ. "ಯಾವ ಮೆಷಿನ್ನೇ? ಪಾರ್ವತಕ್ಕನ ಮನೇಲಿ ಮಕ್ಕಳ ಜೊತೆ ಚೆನ್ನಾಗಿ ಆಡ್ಕೊಂಡಿದ್ದೆ ನೀನು" ಎಂದಳು. ಮದುವೆಯೊಂದರಲ್ಲಿ ಸಿಕ್ಕ ಷಡಕ್ಷರಿಯವರನ್ನೂ ಕೇಳಿದೆ. ಮುಖ ಅರಳಿತು. ಕೈ ಎತ್ತಿ ಹೀರೋನಂತೆಯೇ ಅಬ್ಬರಿಸಿ ತೋರಿಸಿದರು.

"ಅದಲ್ಲ ಮಾಮ, ಇನ್ನೊಂದು. ದೀಪದ ಕಂಬದ್ದು."

ಅವರು ಗೋದಾಮಿನಲ್ಲಿದ್ದ ಸಾಮಾನನ್ನೆಲ್ಲ ಬೆರಳು ಮಡಿಸಿ ಎಣಿಸಿದರು, ಪಾಪ. "ಇಲ್ಲ ಕಣವ್ವ" ಎಂದರು ಕೊನೆಗೆ. "ನಮ್ತಾವ ಇದ್ದಿದ್ದು ಒಂದೇ ಮೆಷಿನ್ನು."