ಹಲಸಿನ ಮರಕ್ಕೆ ಸ್ಟೇ

ನಮ್ಮ ತೋಟದ ಗಡಿಯಲ್ಲಿರುವ ಹಲಸಿನ ಮರದ ಮೇಲೆ ಕೋರ್ಟು ಸ್ಟೇ ಕೊಟ್ಟಿತು. ಯಥಾಸ್ಥಿತಿ ಕಾಪಾಡಬೇಕು, ಯಾರೂ ಮುಟ್ಟಕೂಡದು. ನಾವು ಕೇಳಿದೆವು. ಮರ ಕೇಳಲಿಲ್ಲ. ಬೆಳೆಯುತ್ತಲೇ ಹೋಯಿತು.

ಗಡಿಯ ಆಚೆ ದೊಡ್ಡಪ್ಪನ ಮಗ ರುದ್ರಣ್ಣನ ಕಾಫಿ, ಈಚೆ ನನ್ನದು. ಒಂದು ದಿನ ಅವನು ಹೇಳದೆ ಕೇಳದೆ ಕೊಂಬೆ ಕಡಿದ, ನಾನು ಕೋರ್ಟಿಗೆ ಹೋದೆ. ಮರ ತನ್ನಪ್ಪ ನೆಟ್ಟಿದ್ದು ಎಂದು ಅವನು, ನನ್ನಪ್ಪ ನೆಟ್ಟಿದ್ದು ಎಂದು ನಾನು. (ಇಬ್ಬರು ಅಪ್ಪಂದಿರೂ ಈಗಿಲ್ಲ. ಇದ್ದಿದ್ದರೆ ಇಬ್ಬರಿಗೂ ಬೈಯುತ್ತಿದ್ದರು.)

ಕಾಫಿ ಬೆಳೆಯುವವರಿಗೆ ಗೊತ್ತು, ಮಳೆಗಾಲಕ್ಕೆ ಮುಂಚೆ ಮರಗಸಿ ಮಾಡಿಸಬೇಕು. ನೆರಳಿನ ಮರದ ಕೊಂಬೆ ಸವರಿ ಗಿಡಕ್ಕೆ ಬೆಳಕು ಬಿಡಬೇಕು. ಸ್ಟೇ ಇರುವಾಗ ಕತ್ತಿ ಎತ್ತುವುದು ಹೇಗೆ? ವರ್ಷದಿಂದ ವರ್ಷಕ್ಕೆ ನೆರಳು ದಟ್ಟವಾಯಿತು. ಕೆಳಗಿನ ಗಿಡಗಳು ಹೂ ಬಿಡುವುದನ್ನೇ ನಿಲ್ಲಿಸಿದವು. ಎರಡೂ ಕಡೆ.

ಈ ಬೇಸಿಗೆಯಲ್ಲಿ ನನ್ನ ಸಾಕ್ಷಿಯ ಸರದಿ ಬಂತು. ಕಟಕಟೆ ಹತ್ತಿದೆ.

"ನಿಮ್ಮ ತಂದೆ ಮರ ನೆಟ್ಟಿದ್ದನ್ನು ನೋಡಿದ್ದೀರಾ? ಹೌದು ಅಥವಾ ಇಲ್ಲ, ಅಷ್ಟೇ ಹೇಳಿ" ಎಂದರು ರುದ್ರಣ್ಣನ ವಕೀಲರು.

ಏನು ಹೇಳಲಿ? ಅಪ್ಪ ಗುಂಡಿ ತೋಡುತ್ತಿದ್ದುದು ಕಣ್ಣಿಗೆ ಕಟ್ಟಿದಂತಿದೆ. ಆದರೆ ಅದು ಈ ಮರದ ಗುಂಡಿಯೇ? ಪಕ್ಕದಲ್ಲಿ ಸಸಿ ಹಿಡಿದು ನಿಂತವರು ದೊಡ್ಡಪ್ಪನೇ? ಇದು ನಾನು ಕಂಡಿದ್ದೋ, ಅವ್ವ ಹೇಳಿದ್ದೋ? ನೆನಪಿಗೆ ಸರ್ವೆ ಕಲ್ಲು ನೆಡಲು ಬರುತ್ತದೆಯೇ?

"ಇರಬಹುದು" ಎಂದೆ.

ನಮ್ಮ ವಕೀಲರು ಹಣೆ ಒತ್ತಿಕೊಂಡರು. ಕೇಸು ಮುಂದಿನ ವಾಯಿದೆಗೆ ಹೋಯಿತು.

ವಾಪಸು ಬರುವಾಗ ಬೆಳಗೋಡಿನ ಬಸ್ಸಿನಲ್ಲಿ ಉಳಿದಿದ್ದು ಒಂದೇ ಸೀಟು. ರುದ್ರಣ್ಣನ ಪಕ್ಕದ್ದು.

"ಇರಬಹುದು ಅಂದ್ಬುಟ್ಟಲ್ಲೋ" ಎಂದ ಅವನು. "ನಾಳೆ ನನ್ನೂ ಹತ್ತಿಸ್ತಾರೆ. ನಾನೇನು ಹೇಳ್ಲಿ? ನಂಗೂ ಅಷ್ಟೇ ಗೊತ್ತಿರೋದು."

"ಹೋಗ್ಲಿ ಬಿಡಣ್ಣ. ನಿನ್ನ ಕಡೆ ಹೂವು ಹೆಂಗೈತೆ?"

"ನಾನೇನು ಬ್ಯಾರೆ ಸೂರ್ಯನ್ನ ಇಟ್ಕೊಂಡಿದೀನಾ ಮಾರಾಯ?"

ಇಬ್ಬರಿಗೂ ನಗು ಬಂತು. ಎಷ್ಟು ವರ್ಷದ ಮೇಲೋ.

ಕೋರ್ಟನ್ನು ದೂರುತ್ತಿಲ್ಲ. ಮರ ಯಾರದ್ದು ಎಂದು ಕೇಳಿದವರು ನಾವು, ಕೋರ್ಟು ಅದಕ್ಕೇ ಉತ್ತರ ಹುಡುಕುತ್ತಿತ್ತು. ಗಿಡಕ್ಕೆ ಬೆಳಕು ಬೇಕು ಎಂದು ನಾವು ಯಾವತ್ತು ಕೇಳಿದ್ದೆವು? ಗೆದ್ದವನಿಗೆ ಮರ ಸಿಗುತ್ತದೆ, ಸರಿ. ಅಷ್ಟರಲ್ಲಿ ಅದರ ಕೆಳಗೆ ಕಾಫಿ ಉಳಿದಿರುತ್ತದೆಯೇ?

ಮುಂದಿನ ವಾಯಿದೆಗೆ ಇಬ್ಬರೂ ಸೇರಿ ರಾಜಿ ಅರ್ಜಿ ಹಾಕಿದೆವು. ಮರ ಇಬ್ಬರದ್ದು, ಮರಗಸಿಯೂ ಇಬ್ಬರದ್ದು, ಹಣ್ಣು ಬಿದ್ದ ಕಡೆಯವರದ್ದು. (ಜಡ್ಜ್ ಸಾಹೇಬರು ನಕ್ಕರು. ವಕೀಲರು ನಗಲಿಲ್ಲ.)

ಕಳೆದ ಸೋಮವಾರ ಮರಗಸಿ ಆಯಿತು. ಕಾಫಿ ಗಿಡಗಳ ಮೇಲೆ ಬಿಸಿಲು ಬಿತ್ತು. ಹೂವಿಗೆ ಇನ್ನೊಂದು ವರ್ಷ ಕಾಯಬೇಕು. ಕಾಯುವುದನ್ನು ಕೋರ್ಟು ನಮಗೆ ಚೆನ್ನಾಗಿಯೇ ಕಲಿಸಿದೆ.

ರುದ್ರಣ್ಣ ಬೋಳಾದ ಮರವನ್ನು ಬಹಳ ಹೊತ್ತು ನೋಡಿದ. "ಇದನ್ನ ಯಾರೂ ನೆಟ್ಟೇ ಇಲ್ಲ ಅನ್ನಿಸ್ತೈತೆ ಕಣೋ. ಯಾವ್ದೋ ಮಂಗ ಹಣ್ಣು ತಿಂದು ಬೀಜ ಉಗಿದು ಹೋಗಿರ್ಬೇಕು."

ಆ ಮಂಗನಿಗೆ ಸಮನ್ಸ್ ಜಾರಿ ಮಾಡುವವರು ಯಾರು?