ಆಚಾರಿಯ ಐದು ಪದರದ ಬ್ಯಾಟಿಗೆ ನಾನು ಹೇಳಿದ ತೀರ್ಪು

ನನ್ನ ಜೊತೆ ಆಡಿದವರಲ್ಲಿ ಕೆಲವರು ಆ ಬ್ಯಾಟನ್ನು ಇವತ್ತಿಗೂ ಮುದ್ದೆ ಕೋಲು ಅನ್ನುತ್ತಾರಂತೆ. ಆ ಮಾತನ್ನು ಅವರ ಬಾಯಿಗೆ ಹಾಕಿದವನು ನಾನು. ಈಗ ವಾಪಸ್ಸು ಕೇಳುತ್ತಿದ್ದೇನೆ. ಯಾರಿಗಾದರೂ ಇಷ್ಟವಾಗಲಿ, ಬಿಡಲಿ.

ಹತ್ತನೇ ಕ್ಲಾಸು ಮುಗಿಸಿ ಕೊಯಮತ್ತೂರಿನ ಒಂದು ಗಿರಣಿಗೆ ಸೇರಿದ್ದೆ. ಟೇಬಲ್ ಟೆನಿಸ್ ಕಲಿತದ್ದು ಅಲ್ಲಿ, ಪಾಳಿ ಮುಗಿದ ಮೇಲೆ. ಗಿರಣಿ ಮುಚ್ಚಿದಾಗ ದಿಂಬಂ ಘಾಟಿಯ ಮೇಲಿನ ನಮ್ಮೂರು ತಾಳವಾಡಿಗೆ ಬಂದು ಇದ್ದ ಮೂರು ಎಕರೆಯಲ್ಲಿ ಎಲೆಕೋಸು, ಅರಿಶಿನ ಹಾಕಿಕೊಂಡೆ. ಇಲ್ಲೊಂದು ಮನ್ರ ಇತ್ತು, ಅಂದರೆ ಯುವಕರ ಸಂಘ. ಹೆಸರಿಗೆ ಯುವಕರದು, ಆಡುವ ಎಂಟು ಜನರಲ್ಲಿ ಐವರ ತಲೆ ನರೆತಿತ್ತು. ನಾನೇ ಹಿರಿಯ. ಗೆಲ್ಲುತ್ತಿದ್ದವನೂ ನಾನೇ.

ಚೆಂಡು ದೊಡ್ಡದಾಗಿ, ಆಟ ಇಪ್ಪತ್ತೊಂದರಿಂದ ಹನ್ನೊಂದು ಪಾಯಿಂಟಿಗೆ ಇಳಿದ ಹೊಸತು ಅದು. ದೊಡ್ಡ ಚೆಂಡು ನಿಧಾನ. ವೇಗ ಬೇಕೆಂದು ನಾನು ಕೊಯಮತ್ತೂರಿನಿಂದ ಮರದ ಪದರಗಳ ನಡುವೆ ಕಾರ್ಬನ್ ಹಾಳೆ ಇಟ್ಟ ಬ್ಯಾಟು ತಂದೆ. ಮನೆಯಲ್ಲಿ ಬೈಸಿಕೊಂಡೆ. ಮನ್ರದಲ್ಲಿ ಯಾರಿಗೂ ಮುಟ್ಟಲು ಕೊಡುತ್ತಿರಲಿಲ್ಲ.

ಜೀರಹಳ್ಳಿಯ ಒಬ್ಬ ಆಚಾರಿ, ಬಾಗಿಲು ಕಿಟಕಿ ಮಾಡುವವನು, ನಮ್ಮ ಮೇಜಿನ ಕಾಲು ಸರಿಮಾಡಲು ಬಂದಿದ್ದ. ಹೋಗುವಾಗ ಒಡೆದ ಹಳೆ ಬ್ಯಾಟೊಂದನ್ನು ಕೇಳಿ ಒಯ್ದ. ಮೂರು ತಿಂಗಳ ಮೇಲೆ ತಾನೇ ಒಂದು ಮಾಡಿ ತಂದ. ಐದು ಪದರ, ಎಲ್ಲವೂ ಮರ. ನಡುವೆ ಹೆಬ್ಬೇವು, ಅದರ ಎರಡೂ ಬದಿಗೆ ರೊಟ್ಟಿಗಿಂತ ತೆಳುವಾಗಿ ಕೀಸಿದ ಸಿಲ್ವರ್ ಓಕು, ಹೊರಗೆ ತೇಗ. ಅಂಟು ಹಿಡಿಯಲೆಂದು ವಾರವಿಡೀ ರಾಗಿ ಮೂಟೆಯ ಅಡಿಯಲ್ಲಿಟ್ಟಿದ್ದನಂತೆ. ಹಳೆ ಬ್ಯಾಟಿನ ರಬ್ಬರನ್ನೇ ಬಿಡಿಸಿ ಅಂಟಿಸಿದ್ದ.

"ಆಡಿ ನೋಡಿ ಯೇಳಿ ಅಣ್ಣ. ಬಾಗ್ಲಿಗೆಲ್ಲಾ ಈಗ ಕಬ್ಣ, ಪ್ಲಾಸ್ಟಿಕ್ಕು ಬಂದ್ಬುಟ್ಟದೆ. ಸತ್ಯಮಂಗಲದ ಒಂದು ಇಸ್ಕೂಲ್ನವ್ರು ಇಂಥವು ಬೇಕು ಅಂದವ್ರೆ. ನೀವು ಸರಿ ಅಂದ್ರೆ ತಗೋತಾರಂತೆ" ಅಂದ.

ನಮ್ಮಲ್ಲಿ ಒಂದು ಪದ್ಧತಿ. ಬೇಲಿಯ ನ್ಯಾಯವಾಗಲಿ, ಹೆಣ್ಣು ಗೊತ್ತುಮಾಡುವುದಾಗಲಿ, ಹಿರಿಯನ ಮಾತು ಮೊದಲು. ಅವನು ಮಾತಾಡಿದ ಮೇಲೆ ಉಳಿದವರು ಎದುರಾಡುವುದಿಲ್ಲ. ಅದರ ಮೇಲೇ ಒಂದೊಂದು ಮಾತು ಪೇರಿಸುತ್ತಾರೆ. ಬ್ಯಾಟಿಗೂ ಅದೇ ಪದ್ಧತಿ.

ಎಲ್ಲರೂ ಅದನ್ನು ಕಿವಿಯ ಹತ್ತಿರ ಹಿಡಿದು, ಹಲಸಿನ ಹಣ್ಣು ನೋಡುವ ಹಾಗೆ ಬೆರಳಲ್ಲಿ ತಟ್ಟಿದೆವು. ನಾನು ಹತ್ತು ಚೆಂಡು ಹೊಡೆದೆ. ಆಗಲೇ ಗೊತ್ತಾಯಿತು. ನನ್ನ ಕಾರ್ಬನ್ ಬ್ಯಾಟು ನನ್ನನ್ನು ಕೇಳದೆ ಹೊಡೆಯುತ್ತಿತ್ತು. ಇದು ಕೈ ಹೇಳಿದಷ್ಟೇ ಹೊಡೆಯಿತು.

ಆಮೇಲೆ ನಮ್ಮ ಎಂಟು ಜನರಲ್ಲೊಬ್ಬ, ಅಂಚೆ ಹಂಚುವವನು, ಅದನ್ನು ಹಿಡಿದು ನನ್ನ ಎದುರು ನಿಂತ. ಒಂದು ದಿನವೂ ನನ್ನನ್ನು ಗೆದ್ದವನಲ್ಲ.

"ಚೆಂಡು ಒಂದ್ಗಳಿಗೆ ಬ್ಯಾಟ್ ಮ್ಯಾಲೆ ಕೂತ್ಕಂಡು ಓಯ್ತದೆ ಕಣ್ಲಾ!" ಅಂತ ಕೂಗಿದ. ಹನ್ನೊಂದು–ಏಳಕ್ಕೆ ನನ್ನನ್ನು ಸೋಲಿಸಿದ. "ಅಣ್ಣೋ, ನಿನ್ನ ಬ್ಯಾಟ್ಗೆ ದಿಂಬಂ ಮಂಜು ಇಡೀತಾ?"

ಎಲ್ಲರೂ ನಕ್ಕರು. ಆಚಾರಿ ನಗಲಿಲ್ಲ. ನನ್ನ ಮಾತಿಗೆ ಕಾಯುತ್ತಿದ್ದ.

"ಮುದ್ದೆ ಕೋಲು" ಅಂದೆ. "ಮುದ್ದೆ ತಿರುವಕ್ಕೆ ಸರಿ. ಮಾಗಿ ಮಂಜಿಗೆ ಉಬ್ಬಿ ಪದರ ಬುಡ್ತದೆ."

ಅಷ್ಟೇ ಸಾಕಾಯಿತು. ಈಗ ತಾನೇ ಗೆದ್ದ ಅಂಚೆಯವನೇ "ಅದೂ ನಿಜವೇ, ಒಸಿ ಮಂದ" ಅಂದ. ಟೀ ಅಂಗಡಿಯವನು ಹಿಡಿ ಭಾರ ಅಂದ. ಏಳು ಜನವೂ ಒಂದೊಂದು ಕುಂದು ಹುಡುಕಿದರು. ಆಚಾರಿ "ಸರಿ ಬುಡಿ" ಎಂದು ಬ್ಯಾಟನ್ನು ಚೀಲಕ್ಕೆ ಹಾಕಿಕೊಂಡು ಹೋದ. ಸ್ಕೂಲಿನವರು ನಮ್ಮ ಮಾತು ಕೇಳಿ ಬೇಡ ಅಂದರು.

ನಾಲ್ಕು ವರ್ಷ ಕಳೆಯಿತು. ಕೊಯಮತ್ತೂರಿನ ಅಂಗಡಿಯವನು ಪರದೇಶದ ಬ್ಯಾಟೊಂದನ್ನು ನನ್ನ ಕೈಗಿಟ್ಟ. "ಪೂರಾ ಮರ, ಐದು ಪದರ. ತಿಳಿದವರೆಲ್ಲ ಇದಕ್ಕೇ ವಾಪಸ್ಸು ಬರ್ತಿದ್ದಾರೆ" ಅಂದ. ತಟ್ಟಿ ನೋಡಿದೆ. ಅದೇ ಸದ್ದು. ಕೆಳಗಿಟ್ಟು ಬಸ್ಸು ಹತ್ತಿದೆ, ತಾಳವಾಡಿಯಲ್ಲಿ ಇಳಿದು ಮನೆಗೂ ಹೋಗದೆ ನೇರ ಜೀರಹಳ್ಳಿಗೆ ನಡೆದೆ.

ಆಚಾರಿ ಚೌಕಟ್ಟಿಗೆ ಮೊಳೆ ಹೊಡೆಯುತ್ತಿದ್ದ. "ಅವತ್ತು ಸುಳ್ಳು ಹೇಳಿದೆ ಆಚಾರಿ. ಸೋತಿದ್ದಕ್ಕೆ ಹೊಟ್ಟೆ ಉರೀತು" ಅಂದೆ.

"ಗೊತ್ತಿತ್ತು ಕಣಣ್ಣ. ನೀವು ಆಡುವಾಗ ನಾನು ಚೆಂಡು ನೋಡ್ನಿಲ್ಲ, ನಿಮ್ಮ ಮೊಕ ನೋಡ್ತಿದ್ದೆ."

"ಮತ್ಯಾಕೆ ಸುಮ್ನಿದ್ದೆ?"

"ಇರೀಕರು ಅಂದ್ಮ್ಯಾಲೆ ನನ್ನ ಮಾತು ಯಾರ್ ಕೇಳ್ತಾರೆ?"

"ನನಗೊಂದು ಮಾಡ್ಕೊಡು. ಎಲ್ಲರ ಎದುರು ಅದರಲ್ಲೇ ಆಡ್ತೀನಿ."

"ಮಾಡಲ್ಲ." ಸುತ್ತಿಗೆ ಕೆಳಗಿಟ್ಟ. "ನನಗೊಬ್ಬನಿಗೆ ಯೇಳಿದ್ರೆ ಏನಾಯ್ತದೆ? ಅಲ್ಲಿ ಏಳು ಜನ ಕೇಳುಸ್ಕಂಡ್ರಲ್ಲ, ಅವ್ರಿಗೆ ಯೇಳಿ."

ಮರುದಿನವೇ ಮನ್ರಕ್ಕೆ ಹೋದೆ. ಐವರು ಸಿಕ್ಕರು. ಹೇಳಿದೆ.

"ಈಗ್ಯಾಕಣ್ಣ ಆ ಪುರಾಣ, ಬುಡು" ಅಂದ ಅಂಚೆಯವನು.

"ಬುಡಲ್ಲ."

"ಅಣ್ಣನಿಗೆ ವಯಸ್ಸಾಯ್ತು ಕಣ್ಲಾ, ಪಾಪ ತೊಳ್ಕೊತಾವ್ನೆ" ಅಂತ ಟೀ ಅಂಗಡಿಯವನು ನಕ್ಕ.

ವಯಸ್ಸಾಗಿರುವುದು ನಿಜ. ಆದರೆ ಅವತ್ತು ಗೆದ್ದದ್ದೂ ನನ್ನ ವಯಸ್ಸೇ. ನಾನು ಹಿರಿಯನಾಗಿರದಿದ್ದರೆ ಆ ಸುಳ್ಳನ್ನು ಯಾರೂ ಎತ್ತಿಕೊಳ್ಳುತ್ತಿರಲಿಲ್ಲ. ಅದನ್ನೇ ಅವರಿಗೆ ಹೇಳಿದೆ. ಈಗ ಎಲ್ಲರಿಗಿಂತ ಚಿಕ್ಕವನು ಮೊದಲು ಮಾತಾಡಲಿ, ನಾನು ತುಟಿ ಬಿಚ್ಚುವುದಿಲ್ಲ ಅಂದೆ. ಸಂಪ್ರದಾಯ ಕೆಡಿಸುತ್ತಿದ್ದೀರಿ ಅಂತ ಒಬ್ಬ ಗೊಣಗಿದ. ಕೆಟ್ಟರೆ ಕೆಡಲಿ, ಒಳ್ಳೆಯ ಕೆಲಸಗಾರನೊಬ್ಬನ ಹೊಟ್ಟೆಗೆ ಹೊಡೆದ ಸಂಪ್ರದಾಯ ಅದು.

ನಾಲ್ವರು ಒಬ್ಬರ ಮುಖ ಒಬ್ಬರು ನೋಡದೆ, ಬ್ಯಾಟು ಚೆನ್ನಾಗಿತ್ತು ಅಂದರು. ಐದನೆಯವನು ಮಾತ್ರ "ನಂಗೆ ಅವತ್ತೂ ಮಂದ ಅನ್ನುಸ್ತು, ಇವತ್ತೂ ಅದೇ" ಅಂದ. ಇರಲಿ. ಅದು ಅವನ ಸ್ವಂತ ಮಾತು, ನನ್ನದಲ್ಲ. ಅವನನ್ನು ಕಂಡರೆ ನನಗೆ ಈಗ ಗೌರವ ಜಾಸ್ತಿ.

ಸ್ಕೂಲಿಗೂ ಕಾಗದ ಬರೆದೆ. ಉತ್ತರವಿಲ್ಲ. ಮತ್ತೆ ಬರೆಯುತ್ತೇನೆ. ಆಚಾರಿಯ ಹತ್ತಿರ ಹೋಗಿ ನಡೆದದ್ದು ಹೇಳಿದರೆ, ಬೆರಳು ಮಡಚಿ ಎಣಿಸಿ "ಇನ್ನೂ ಇಬ್ರವ್ರೆ" ಅಂದ.

ಆ ಇಬ್ಬರಲ್ಲಿ ಒಬ್ಬ ತಿರುಪ್ಪೂರಿನ ಬನಿಯನ್ ಕಾರ್ಖಾನೆಗೆ ಹೋದವನು, ಇನ್ನೊಬ್ಬ ಮೈಸೂರಿನಲ್ಲಿ ಮಗಳ ಮನೆ ಸೇರಿದವನು. ವಿಳಾಸ ಗೊತ್ತಿಲ್ಲ. ಇದನ್ನು ಬರೆಯುತ್ತಿರುವುದು ಅವರಿಗೆ. ಕಣ್ಣಿಗೆ ಬಿದ್ದರೆ ತಿಳಿದುಕೊಳ್ಳಿರಪ್ಪ: ಬ್ಯಾಟು ಮಂದವಾಗಿರಲಿಲ್ಲ. ನಾನು ಸೋತಿದ್ದೆ.