ಚೇಂಬರ್ ಮುಚ್ಚಿಸಿದ್ದು ನಾನೇ

ಚಾಮರಾಜಪೇಟೆಯ ನಮ್ಮ ಮನೆಯ ಅಂಗಳ ಎಂದರೆ ಹತ್ತಡಿ ಅಗಲ, ಎಂಟಡಿ ಉದ್ದ. ಅದರ ನಟ್ಟನಡುವೆ, ಬಾಗಿಲಿಗೆ ಸರಿಯಾಗಿ ಎದುರು, ಒಂದು ಚೇಂಬರ್. ಬಚ್ಚಲು, ಪಾಯಿಖಾನೆಯ ನೀರೆಲ್ಲ ಅಲ್ಲಿಗೆ ಬಂದು, ಅಲ್ಲಿಂದ ರಸ್ತೆಯ ಮ್ಯಾನ್‌ಹೋಲಿಗೆ ಹೋಗುತ್ತದೆ. ಪೈಪು ಕಟ್ಟಿಕೊಂಡಾಗ ಮುಚ್ಚಳ ತೆಗೆದು ಬಿದಿರಿನ ದಬ್ಬೆ ಆಡಿಸಲೆಂದೇ ಇರುವ ಮೊಣಕಾಲುದ್ದದ ಗುಂಡಿ ಅದು. ಆದರೆ ನಮ್ಮತ್ತೆಗೆ ಆ ಮುಚ್ಚಳ ಕಂಡರೆ ಆಗುತ್ತಿರಲಿಲ್ಲ. "ಲಕ್ಷ್ಮಿ ಬರೋ ದಾರೀಲಿ ಗಲೀಜಿನ ಮುಚ್ಚಳ. ಅದರ ಮೇಲೆ ರಂಗೋಲಿ ಹೆಂಗೆ ಬಿಡೋದು?" ಎಂದು ಇಪ್ಪತ್ತು ವರ್ಷ ನನ್ನ ತಲೆ ತಿಂದರು. ರಂಗೋಲಿಯ ಹುಚ್ಚು ನನಗೂ ಇತ್ತು. ಹದಿನೈದು ಚುಕ್ಕಿ ಇಟ್ಟರೆ ಐದು ಚುಕ್ಕಿ ಆ ಮುಚ್ಚಳದ ಮೇಲೇ ಬೀಳುತ್ತಿದ್ದವು.

ಹೋದ ವರ್ಷ ಗೌರಿ ಹಬ್ಬಕ್ಕೆ ಮುಂಚೆ ಅಂಗಳಕ್ಕೆ ಸಾದರಹಳ್ಳಿ ಕಲ್ಲು ಹಾಸಿಸುವಾಗ, ಮುಚ್ಚಳದ ಮೇಲೂ ಹಾಸಿಬಿಡು ಎಂದು ಮೇಸ್ತ್ರಿಗೆ ಹೇಳಿದೆ. "ಬೇಡ ಅಮ್ಮ, ನಾಳೆ ಬೇಕಾಗುತ್ತೆ" ಎಂದ. "ಬೇಕಾದಾಗ ನೋಡ್ಕೊಳ್ಳೋಣ" ಎಂದೆ. ನನ್ನ ಗಂಡನದು ಮಾರುಕಟ್ಟೆಯಲ್ಲಿ ತರಕಾರಿ ಮಂಡಿ. ಮಧ್ಯಾಹ್ನ ಬಂದವರು "ಚೇಂಬರ್ ಎಲ್ಲೇ?" ಎಂದರು. "ಅದನ್ನ ತೆಗೆದು ನೇರ ರೋಡಿಗೇ ಪೈಪ್ ಕೊಟ್ಟಿದಾನೆ ಮೇಸ್ತ್ರಿ. ಈಗೆಲ್ಲಾ ಹಂಗೇ ಅಂತೆ" ಎಂದು ಸುಳ್ಳು ಹೇಳಿದೆ. ಪಕ್ಕದಲ್ಲೇ ಹೂ ಕಟ್ಟುತ್ತಿದ್ದ ಅತ್ತೆ ತುಟಿ ಪಿಟಕ್ಕೆನ್ನಲಿಲ್ಲ. ನಮ್ಮಿಬ್ಬರಲ್ಲಿ ಅಷ್ಟು ಒಗ್ಗಟ್ಟು ಅದಕ್ಕೆ ಮೊದಲು ಎಂದೂ ಇರಲಿಲ್ಲ.

ಈ ವರ್ಷ ಮಗಳ ಸೀಮಂತದ ಹಿಂದಿನ ದಿನ ಬೆಳಿಗ್ಗೆ ಬಚ್ಚಲಲ್ಲಿ ನೀರು ನಿಂತಿತು. ಹತ್ತು ಗಂಟೆಯ ಹೊತ್ತಿಗೆ ಪಾಯಿಖಾನೆಯೂ ತುಂಬಿ ವಾಸನೆ ಹಾಲಿಗೆ ಬಂತು. ಬಸುರಿ ಮಗಳು ಮೂಗು ಮುಚ್ಚಿಕೊಂಡು ಮಹಡಿ ಹತ್ತಿದಳು. ಮಾರನೆಯ ದಿನ ಅರವತ್ತು ಜನರ ಊಟ. ಒಳಚರಂಡಿಯವರಿಗೆ ದೂರು ಕೊಟ್ಟರೆ, ಮೆಷಿನ್ ಗಾಡಿ ಬರಲು ಎರಡು ದಿನ ಬೇಕು ಎಂದರು. ಕೊನೆಗೆ ನನ್ನ ಗಂಡ ಅವರಿವರನ್ನು ಕೇಳಿ ಕೆಲಸದವನೊಬ್ಬನನ್ನು ಕರೆತಂದರು. ನಲವತ್ತರ ಆಸುಪಾಸಿನ, ನಗುಮುಖದ ಮನುಷ್ಯ.

ಅವನು ಕೇಳಿದ ಮೊದಲ ಪ್ರಶ್ನೆಯೇ "ಮನೆ ಚೇಂಬರ್ ಎಲ್ಲಿದೆ ಸಾರ್?" ಎಂದು. "ಅದಿಲ್ಲಪ್ಪ, ತೆಗೆಸಿಬಿಟ್ವಿ. ಈಗ ನೇರ ಲೈನು" ಎಂದರು ನನ್ನ ಗಂಡ, ಜಂಬದಿಂದಲೇ. ನಾನು ಅಡುಗೆಮನೆಗೆ ಹೋಗಿ ಇಲ್ಲದ ಕೆಲಸ ಹುಡುಕಿಕೊಂಡೆ.

ಅವನು ಮನೆ ಮುಂದಿನ ಮ್ಯಾನ್‌ಹೋಲಿನ ಮುಚ್ಚಳವನ್ನು ಹಾರೆಯಿಂದ ಎತ್ತಿ, ಟಾರ್ಚ್ ಬಿಟ್ಟು ನೋಡಿದ. ಆಳದಲ್ಲಿ ನೀರು ಸರಾಗವಾಗಿ ಹರಿಯುತ್ತಿತ್ತು.

"ರೋಡಲ್ಲಿ ಬ್ಲಾಕ್ ಇಲ್ಲ ಸಾರ್, ನಿಮ್ಮನೆ ಪೈಪಲ್ಲೇ ಇರೋದು. ಬಚ್ಚಲಿಂದ ದಬ್ಬೆ ಹೋಗಲ್ಲ, ಬೆಂಡ್ ಇದೆ. ಚೇಂಬರ್ ಇದ್ದಿದ್ರೆ ಮೇಲಿಂದಾನೇ ತಳ್ತಿದ್ದೆ. ಈಗ ಇದರೊಳಗೆ ಇಳಿದು ಪೈಪ್ ಬಾಯಿಂದ ತಳ್ಬೇಕು."

"ಇಳೀಬಾರದು ಅಂತ ಕಾನೂನು ಇದೆ ಅಲ್ವಾ?"

"ಇದೆ ಸಾರ್. ಎರಡು ನಿಮಿಷದ ಕೆಲಸ. ನಾಳೆ ಫಂಕ್ಷನ್ ಅಂತೀರಲ್ಲ."

ನನ್ನ ಗಂಡ ಮಹಡಿಯ ಕಡೆ ನೋಡಿದರು. ಬೇಡ ಎನ್ನಲಿಲ್ಲ.

ಅವನು ಆಚೆಗಿನ ಮ್ಯಾನ್‌ಹೋಲಿನ ಮುಚ್ಚಳವನ್ನೂ ತೆಗೆದು, ಕೆಟ್ಟ ಗಾಳಿ ಹೋಗಲಿ ಎಂದು ಅರ್ಧ ಗಂಟೆ ಕಾದ. ನಾನು ಅಡುಗೆಮನೆಯ ಕಿಟಕಿಯಲ್ಲಿ ನಿಂತಿದ್ದೆ. ಒಬ್ಬ ಇಳಿದು ಮೇಲೆ ಬರಲಿಲ್ಲ, ಅವನನ್ನು ಎತ್ತಲು ಇಳಿದವನೂ ಬರಲಿಲ್ಲ ಎಂಬ ಸುದ್ದಿಗಳನ್ನು ಪೇಪರಿನಲ್ಲಿ ಓದಿ ಲೊಚಗುಟ್ಟಿದವಳೇ ನಾನು. ಆದರೂ ಬಾಯಿ ಬರಲಿಲ್ಲ. ಗಂಡ ಏನೆನ್ನುತ್ತಾರೆ, ಬೀಗರ ಕಿವಿಗೆ ಬಿದ್ದರೆ ಎಷ್ಟು ಆಡಿಕೊಂಡಾರು, ಇದೇ ಚಿಂತೆ. ನಿಜ ಹೇಳಬೇಕೆಂದರೆ ಆ ಅರ್ಧ ಗಂಟೆಯಲ್ಲಿ ಆ ಮನುಷ್ಯನ ಜೀವಕ್ಕಿಂತ ನನ್ನ ಮಾನದ ಯೋಚನೆಯೇ ಹೆಚ್ಚಾಗಿತ್ತು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಅವನು ಅಂಗಿ ಬಿಚ್ಚಿ ನಮ್ಮ ಗೇಟಿನ ಮೇಲೆ ಹಾಕಿದ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಇನ್ನೊಂದು ತುದಿಯನ್ನು ನನ್ನ ಗಂಡನ ಕೈಗೆ ಕೊಟ್ಟ. "ಆಗಾಗ ಕೂಗ್ತಿರಿ ಸಾರ್, ಮಾತಾಡ್ತೀನಿ. ಮಾತಾಡ್ಲಿಲ್ಲ ಅಂದ್ರೆ ಎಳೀರಿ" ಎಂದ. ಮೂಟೆ ಎತ್ತಿ ಪಳಗಿದ ನನ್ನ ಗಂಡ ಹಗ್ಗವನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡರು. ಅವನು ಅಂಚಿನಲ್ಲಿ ಕೂತು ಎರಡೂ ಕಾಲನ್ನು ಒಳಗೆ ಇಳಿಬಿಟ್ಟ.

ನಾನು ಬರಿಗಾಲಲ್ಲಿ ಓಡಿದೆ. "ಇಳೀಬೇಡಪ್ಪ. ಚೇಂಬರ್ ಇದೆ. ಈ ಕಲ್ಲಿನ ಕೆಳಗಿದೆ. ನಾನೇ ಮುಚ್ಚಿಸಿದ್ದು."

ನನ್ನ ಗಂಡ ಹಗ್ಗ ಹಿಡಿದುಕೊಂಡೇ ನನ್ನನ್ನು ದುರುಗುಟ್ಟಿ ನೋಡಿದರು. ಅಷ್ಟರಲ್ಲಿ ಬಾಗಿಲಿನಿಂದ ಅತ್ತೆ, "ಅವಳನ್ನ ಯಾಕೋ ಹಂಗೆ ನೋಡ್ತೀಯ? ಮುಚ್ಚಿಸು ಅಂತ ಪ್ರಾಣ ತಿಂದವಳು ನಾನು" ಎಂದರು. ಅವರ ಕಾಲಿಗೆ ಬೀಳಬೇಕು ಅನ್ನಿಸಿತು.

ಕೆಲಸದವನು ಕಾಲು ಮೇಲೆ ತೆಗೆದುಕೊಂಡು, ಹಗ್ಗ ಬಿಚ್ಚಿ, ಅಂಗಳಕ್ಕೆ ಬಂದ. ಕಲ್ಲಿನ ಸಂದಿಗೆ ಹಾರೆ ಹಾಕಿ ಮೀಟಿದ. ಕೆಳಗೆ ಹಳೆಯ ಮುಚ್ಚಳ ಹಾಗೇ ಇತ್ತು. ನೆಲದ ಮೇಲೆ ನಿಂತೇ ದಬ್ಬೆ ಆಡಿಸಿದ. ಹತ್ತು ನಿಮಿಷಕ್ಕೆ ಪಾತ್ರೆ ಉಜ್ಜುವ ತೆಂಗಿನ ನಾರಿನ ಉಂಡೆಯೊಂದು ಸಡಿಲವಾಗಿ ಬಂತು, ಹಿಂದೆಯೇ ನೀರು ಗುಳುಗುಳು ಎಂದು ಇಳಿಯಿತು. ಅಷ್ಟು ಹಿತವಾದ ಶಬ್ದವನ್ನು ನಾನು ಯಾವ ಸಂಗೀತ ಕಚೇರಿಯಲ್ಲೂ ಕೇಳಿಲ್ಲ. ನನ್ನ ಗಂಡ ಮೆಟ್ಟಿಲ ಮೇಲೆ ಕುಕ್ಕರಿಸಿ ಮುಖ ಒರೆಸಿಕೊಂಡರು. ಬೈಯುವುದನ್ನು ಮರೆತೇಬಿಟ್ಟಿದ್ದರು.

ಅವನು ಸೋಪು ಹಾಕಿ ಕೈಕಾಲು ತೊಳೆದು ಅಂಗಿ ತೊಟ್ಟ. ಅತ್ತೆ ತಾವು ಕುಡಿಯುವ ಲೋಟದಲ್ಲೇ ಕಾಫಿ ತಂದುಕೊಟ್ಟರು.

"ಬೇಜಾರು ಮಾಡ್ಕೋಬೇಡಪ್ಪ. ಮೊದ್ಲೇ ಹೇಳ್ಬೇಕಿತ್ತು ನಾನು" ಎಂದೆ.

ಅವನು ಕಾಫಿ ಊದಿ ಒಂದು ಗುಟುಕು ಕುಡಿದ. "ಅಷ್ಟೊತ್ತು ಕಾದಿದ್ದು ಬರೀ ಗಾಳಿಗಲ್ಲ ಅಮ್ಮ. ಯಾರಾದ್ರೂ ಬೇಡ ಅಂತಾರೇನೋ ಅಂತ ನೋಡ್ತಿದ್ದೆ."

ಹೇಳಿ ನಕ್ಕುಬಿಟ್ಟ. ಇನ್ನೊಂದು ಲೋಟ ಕಾಫಿ ಸಿಗುತ್ತಾ ಎಂದು ಕೇಳಿದ. ತರಲು ಒಳಗೆ ಹೋದವಳು ಒಲೆಯ ಮುಂದೆ ನಿಂತು ಅತ್ತುಬಿಟ್ಟೆ. ಸದ್ಯ, ಮನುಷ್ಯ ಹೊರಗೆ ಕೂತು ಕಾಫಿಗೆ ಕಾಯುತ್ತಿದ್ದ.